ದಫ್ತರದಲ್ಲಿ ಇಲ್ಲದ ಹೆಸರು: ಒಂದು ಲೂಥರನ್ ಸಭೆಯ ಪ್ರಕರಣ

ಮದುವೆ, ಸಾವು, ಮತ್ತೆ ಸಾವು, ದೀಕ್ಷಾಸ್ನಾನ (ಬ್ಯಾಪ್ಟಿಸಂ), ಕೊನೆಗೆ ಇನ್ನೊಂದು ಸಾವು. ಹತ್ತು ವರ್ಷದೊಳಗೆ ಒಂದೇ ಮನೆಯಲ್ಲಿ ಇಷ್ಟೂ ನಡೆದವು. ನಾನು ಆಗ ಆ ಮನೆಯವರ ಸಭಾಪಾಲಕ, ಅಂದರೆ ಪಾಸ್ಟರ್. ಈಗ ನಿವೃತ್ತನಾಗಿದ್ದೇನೆ. ಹೊಸದಾಗಿ ಸಭೆ ವಹಿಸಿಕೊಳ್ಳುವ ಪಾಸ್ಟರ್‌ಗಳಿಗೆ, ಸಭಾ ಹಿರಿಯರಿಗೆ, ಸ್ತ್ರೀಯರ ಸಂಘದವರಿಗೆ ಉಪಯೋಗ ಆಗಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಮನೆಯವರು ಓದಿ ಒಪ್ಪಿದ್ದಾರೆ. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ, ಯಾರ ಹೆಸರನ್ನೂ ಹಾಕಿಲ್ಲ. ಮಗುವಿನ ಹೆಸರನ್ನೂ ಹಾಕುವುದಿಲ್ಲ. ಇಡೀ ಪ್ರಕರಣ ನಿಂತಿರುವುದೇ ಆ ಹೆಸರಿನ ಮೇಲೆ, ಆದರೂ ಅದು ಅವರ ಮನೆಯ ಹೆಸರು.

ಹಿನ್ನೆಲೆ

ನಮ್ಮದು ಬೆಂಗಳೂರಿನ ಪೂರ್ವ ಭಾಗದ ಒಂದು ಲೂಥರನ್ ಸಭೆ, ಅಂದರೆ ಚರ್ಚ್. ಸುಮಾರು 120 ಕುಟುಂಬ. ಬೆಳಿಗ್ಗೆ ತಮಿಳು ಆರಾಧನೆ, ಆಮೇಲೆ ಕನ್ನಡ ಆರಾಧನೆ. ಮುಕ್ಕಾಲು ಪಾಲು ಮನೆಗಳ ಬೇರು ಕೆಜಿಎಫ್‌ನಲ್ಲಿದೆ. 1895ರಲ್ಲಿ ಅಮೆರಿಕದ ಮಿಸ್ಸೂರಿ ಸಿನಡ್ ಅನ್ನುವ ಲೂಥರನ್ ಪಂಗಡದ ಮಿಷನರಿಗಳು ಕೃಷ್ಣಗಿರಿ ಕಡೆ ಕೆಲಸ ಶುರು ಮಾಡಿದ್ದರು. ಆ ಭಾಗದಿಂದ ಚಿನ್ನದ ಗಣಿಗೆ ಕೂಲಿಗೆ ಬಂದ ಜನರ ಜೊತೆಯಲ್ಲೇ ಲೂಥರನ್ ಸಭೆಯೂ ಕೆಜಿಎಫ್‌ಗೆ ಬಂತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಆಮೇಲೆ ಜನ ಬೆಳಗಿನ ಜಾವದ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಬಂದರು, ರಾತ್ರಿ ಅದೇ ರೈಲಿನಲ್ಲಿ ವಾಪಸ್ ಹೋದರು. ಕೆಲವರು ಇಲ್ಲೇ ಬಾಡಿಗೆ ಮನೆ ಮಾಡಿದರು. ನಮ್ಮ ಸಭೆ ಬೆಳೆದದ್ದು ಹಾಗೆ.

ಈ ಪ್ರಕರಣದ ತಂದೆ ಅಂಥ ಮನೆಯ ಹುಡುಗ. ಅವನ ಅಪ್ಪ ಚಾಂಪಿಯನ್ ರೀಫ್ ಗಣಿಯಲ್ಲಿ, ನೆಲದಿಂದ ಕಿಲೋಮೀಟರುಗಟ್ಟಲೆ ಆಳದಲ್ಲಿ ಕೆಲಸ ಮಾಡಿದವರು. ಇವನು ಹತ್ತು ವರ್ಷ ರೈಲಿನಲ್ಲಿ ಓಡಾಡಿ ಆಮೇಲೆ ಬೆಂಗಳೂರಿನಲ್ಲಿ ನೆಲೆ ನಿಂತ. ಮಾತು ಕಮ್ಮಿ. ಕೆಲಸ ಹೇಳಿದರೆ ಮಾಡುವವನು. ದೇವಾಲಯದ ಫ್ಯಾನ್ ಕೆಟ್ಟರೆ, ಮೈಕ್ ಕೈಕೊಟ್ಟರೆ ಎಲ್ಲರೂ ಅವನನ್ನೇ ಕರೆಯುತ್ತಿದ್ದರು. ತಾಯಿ ಧಾರವಾಡದ ಕಡೆಯವಳು, ಬಾಸೆಲ್ ಮಿಷನ್ ಹಿನ್ನೆಲೆಯ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಮನೆತನದ ಹುಡುಗಿ. ಮನೆಯಲ್ಲಿ ಮೂರು ತಲೆಮಾರಿನಿಂದ ಕನ್ನಡ ಸತ್ಯವೇದ (ಬೈಬಲ್), ಕನ್ನಡ ಸಂಗೀತ. ಅವರ ಮದುವೆ ಮಾಡಿಸಿದ್ದು ನಾನೇ.

ಮದುವೆಯಾದ ಮುಂದಿನ ವರ್ಷ ಅವನ ಅಪ್ಪ ತೀರಿಕೊಂಡರು. ಗಣಿಯ ಧೂಳು ಶ್ವಾಸಕೋಶ ತಿಂದಿತ್ತು. ಆ ಸಮಾಧಿ ಆರಾಧನೆ ಚೆನ್ನಾಗಿಯೇ ನಡೆಯಿತು ಅಂತ ನಾನು ಅಂದುಕೊಂಡಿದ್ದೆ, ಈಗಲೂ ಹಾಗೇ ಅನ್ನುತ್ತೇನೆ. ಗಂಟೆ ಬಾರಿಸಿದೆವು. ಎರಡು ಬಸ್ಸು ಜನ ಹೋದರು. ಹಾಡುವವರಿದ್ದರು, ಹೊರುವವರಿದ್ದರು, ಹಿಡಿ ಮಣ್ಣು ಹಾಕುವಾಗ ಯಾರು ಮೊದಲು ಯಾರು ಆಮೇಲೆ ಅಂತ ಹೇಳುವುದಕ್ಕೆ ನಾನಿದ್ದೆ. ಮಗನಾಗಿ ಅವನು ಏನನ್ನೂ ಯೋಚಿಸಬೇಕಾಗಿರಲಿಲ್ಲ, ಸಭೆ ಅವನ ಕೈ ಹಿಡಿದು ನಡೆಸಿತು. ಇದು ಯಾಕೆ ಮುಖ್ಯ ಅಂತ ಮುಂದೆ ಗೊತ್ತಾಗುತ್ತದೆ.

ಆ ರಾತ್ರಿಯ ಫೋನ್

ಮದುವೆಯಾದ ಮೂರನೇ ವರ್ಷ ಅವಳು ಗರ್ಭಿಣಿಯಾದಳು. 37ನೇ ವಾರ, ಫೆಬ್ರವರಿ ತಿಂಗಳು. ಒಂದು ಸಂಜೆ ಮಗು ಅಲುಗಾಡುತ್ತಿಲ್ಲ ಅಂತ ಆಸ್ಪತ್ರೆಗೆ ಹೋದರು. ಎದೆಬಡಿತ ನಿಂತಿತ್ತು. ರಾತ್ರಿ ಹೆರಿಗೆಯಾಯಿತು. ಗಂಡು ಮಗು.

ಹತ್ತು ಗಂಟೆ ಹೊತ್ತಿಗೆ ಅವನ ತಾಯಿ, ಅಂದರೆ ಮಗುವಿನ ಅಜ್ಜಿ, ನನಗೆ ಫೋನ್ ಮಾಡಿದರು. "ಅಯ್ಯಾ, ಬೇಗ ಬನ್ನಿ. ಮಗುವಿಗೆ ದೀಕ್ಷಾಸ್ನಾನ ಕೊಡಬೇಕು" ಅಂದರು. ಮಗು ಹೇಗಿದೆ ಅಂತ ಕೇಳಿದೆ. ಸ್ವಲ್ಪ ಹೊತ್ತು ಅವರ ಉಸಿರು ಮಾತ್ರ ಕೇಳಿಸಿತು. ಆಮೇಲೆ ಹೇಳಿದರು.

ನಾನು ಕೊಟ್ಟ ಉತ್ತರ ಇಂದಿಗೂ ಪದಪದವೂ ನೆನಪಿದೆ. "ಅಮ್ಮಾ, ದೀಕ್ಷಾಸ್ನಾನ ಬದುಕಿರುವವರಿಗೆ ಮಾತ್ರ. ತೀರಿಕೊಂಡ ಮಗುವಿಗೆ ಕೊಡುವ ಪದ್ಧತಿ ನಮ್ಮಲ್ಲಿ ಇಲ್ಲ. ನಾನು ನಾಳೆ ಬೆಳಿಗ್ಗೆ ಬರ್ತೀನಿ."

ಅದರಲ್ಲಿ ಬೋಧನೆಯ ತಪ್ಪು ಏನೂ ಇಲ್ಲ. ಮಗು ಜೀವಕ್ಕೆ ಹೋರಾಡುತ್ತಿದ್ದರೆ ಯಾವ ಕ್ರೈಸ್ತ ಬೇಕಾದರೂ, ಅಜ್ಜಿಯಾಗಲಿ ನರ್ಸ್ ಆಗಲಿ, ತುರ್ತು ದೀಕ್ಷಾಸ್ನಾನ ಕೊಡಬಹುದು. ಸತ್ತ ಮೇಲೆ ಕೊಡುವುದಿಲ್ಲ. ಲೂಥರನ್ ಸಭೆಗಳು ಮೊದಲಿನಿಂದ ಕಲಿಸುತ್ತಾ ಬಂದಿರುವುದು ಇದನ್ನೇ. ಆದರೆ ಅಜ್ಜಿ ನನ್ನನ್ನು ಕೇಳಿದ್ದು ಬೋಧನೆಯ ಪ್ರಶ್ನೆ ಅಲ್ಲ ಅಲ್ವಾ? "ಬೇಗ ಬನ್ನಿ" ಅನ್ನುವುದು ಅವರ ಮೊದಲ ಮಾತು. ನಾನು ಎರಡನೇ ಮಾತಿಗೆ ಉತ್ತರ ಕೊಟ್ಟು ಮೊದಲನೆಯದನ್ನು ನಾಳೆಗೆ ಹಾಕಿದೆ. ಆಸ್ಪತ್ರೆ ನಮ್ಮ ಮನೆಯಿಂದ ಹೆಚ್ಚೆಂದರೆ ಮುಕ್ಕಾಲು ಗಂಟೆ ದಾರಿ.

ನಾನು ಬೆಳಿಗ್ಗೆ ಹತ್ತಕ್ಕೆ ಹೋದಾಗ ಎಲ್ಲಾ ಮುಗಿದಿತ್ತು. ಬೆಳಗಿನ ಜಾವವೇ ಅವನು ತನ್ನ ತಮ್ಮನನ್ನು ಕರೆದುಕೊಂಡು, ಆಸ್ಪತ್ರೆಯ ಎದುರಿನ ಅಂಗಡಿಯಲ್ಲಿ ಒಂದು ಚಿಕ್ಕ ಮರದ ಪೆಟ್ಟಿಗೆ ಕೊಂಡು, ಆಟೋದಲ್ಲಿ ಸ್ಮಶಾನಕ್ಕೆ ಹೋಗಿದ್ದ. ಸಭಾ ಕಾರ್ಯದರ್ಶಿಗೆ ಫೋನ್ ಮಾಡಿ ಕೇಳಿದ್ದಕ್ಕೆ, ದೀಕ್ಷಾಸ್ನಾನ ಆಗದ ಮಕ್ಕಳಿಗೆ ಹಿಂದಿನ ಗೋಡೆ ಪಕ್ಕ ಜಾಗ ಇದೆ, ಅಲ್ಲಿಗೆ ಪಾಸ್ಟರ್ ಬರುವ ರೂಢಿ ಇಲ್ಲ, ಗುಂಡಿ ತೋಡುವವರಿಗೆ ಹೇಳಿಡ್ತೀನಿ ಅಂದಿದ್ದರು. ಕಾರ್ಯದರ್ಶಿಯ ತಪ್ಪೂ ಅಲ್ಲ ಅದು. ಅಲ್ಲಿಯ ತನಕ ನಡೆದುಕೊಂಡು ಬಂದದ್ದೇ ಹಾಗೆ, ನಾನೂ ಯಾವತ್ತೂ ಯಾಕೆ ಅಂತ ಕೇಳಿರಲಿಲ್ಲ.

ವಾರ್ಡಿನ ಬಾಗಿಲಲ್ಲಿ ಅವನು ನಿಂತಿದ್ದ. ಚಪ್ಪಲಿಗೆ ಕೆಂಪು ಮಣ್ಣು ಮೆತ್ತಿಕೊಂಡಿತ್ತು. ನಾನು ಅವನ ಭುಜ ತಟ್ಟಿ "ಧೈರ್ಯವಾಗಿರಪ್ಪ, ಅವಳನ್ನ ನೋಡ್ಕೋ" ಅಂದು ಒಳಗೆ ಹೋದೆ. ಮುಂದಿನ ಹನ್ನೊಂದು ತಿಂಗಳು ನಾನು ಅವನಿಗೆ ಹೇಳಿದ್ದು ಅಷ್ಟೇ ಅಂದರೆ ಹೆಚ್ಚು ಕಡಿಮೆ ನಿಜ.

ಒಳಗೆ ಅವಳಿಗೆ ಸತ್ಯವೇದದ ಒಂದು ಕೀರ್ತನೆ ಓದಿದೆ. ದೇವರ ಚಿತ್ತ ನಮಗೆ ಈಗ ತಿಳಿಯುವುದಿಲ್ಲ ಅಂತ ಏನೋ ಹೇಳಿದೆ. ಅವಳು ಗೋಡೆ ಕಡೆ ತಿರುಗಿ ಮಲಗಿದಳು.

ಮಾಡಿ ನೋಡಿದ್ದು

ಮೊದಲ ಎರಡು ತಿಂಗಳು ಸಭೆ ಸುಮ್ಮನೆ ಕೂರಲಿಲ್ಲ. ಸ್ತ್ರೀಯರ ಸಂಘದವರು ಸರದಿ ಹಾಕಿಕೊಂಡು ಊಟ ಕಳಿಸಿದರು. ಇಪ್ಪತ್ತು ದಿನ ಆ ಮನೆಯಲ್ಲಿ ಒಲೆ ಹಚ್ಚುವ ಅಗತ್ಯ ಬೀಳಲಿಲ್ಲ. ಅದು ನಿಜವಾಗಿ ಆಸರೆಯಾಯಿತು ಅಂತ ಅವಳೇ ಆಮೇಲೆ ಹೇಳಿದಳು. ಆದರೆ ಊಟದ ಜೊತೆ ಮಾತೂ ಬರುತ್ತಿತ್ತು. "ನಿನಗಿನ್ನೂ ವಯಸ್ಸಿದೆ, ಇನ್ನೊಂದಾಗುತ್ತೆ." "ದೇವರಿಗೆ ಒಂದು ದೇವದೂತ ಬೇಕಾಗಿತ್ತು." ಹೇಳಿದವರೆಲ್ಲ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಅವಳು ಬಾಗಿಲು ತೆಗೆಯುವುದನ್ನು ನಿಲ್ಲಿಸಿದಳು, ಅತ್ತೆಯ ಕೈಯಲ್ಲಿ ಡಬ್ಬಿ ತೆಗೆಸಿಕೊಳ್ಳುತ್ತಿದ್ದಳು.

ನನ್ನ ಹೆಂಡತಿ ಒಂದು ವಿಷಯ ಕಂಡುಹಿಡಿದಳು. ಹೆರಿಗೆಯಾದ ಮೂರನೇ ದಿನ ಆ ತಾಯಿಗೆ ಎದೆಹಾಲು ಬಂದಿತ್ತು. ಹೀಗಾಗುತ್ತದೆ ಅಂತ ಅವಳಿಗೆ ಯಾರೂ ಮೊದಲೇ ಹೇಳಿರಲಿಲ್ಲ. ಕುಡಿಯುವ ಮಗು ಇಲ್ಲದೆ ಹಾಲು ಬಂದಾಗ ಹೆಂಗಸಿಗೆ ಏನಾಗುತ್ತದೆ ಅಂತ ನಾನು ಓದಿದ ಯಾವ ಪಾಠದಲ್ಲೂ ಇರಲಿಲ್ಲ. ಅವಳು ಅದನ್ನು ನನಗೆ ಹೇಳುವ ಹಾಗೂ ಇರಲಿಲ್ಲ, ಪಾಸ್ಟರಮ್ಮನಿಗೆ, ಅಂದರೆ ನನ್ನ ಹೆಂಡತಿಗೆ, ಹೇಳಿಕೊಂಡು ಅತ್ತಳು. ಆ ದಿನದಿಂದ ಆ ಮನೆಗೆ ನಾನು ಒಬ್ಬನೇ ಹೋಗುವುದನ್ನು ಬಿಟ್ಟೆ.

ನಾನು ಮಾಡಿದ ಎರಡನೇ ತಪ್ಪು ವಿವರಣೆ. ಅಜ್ಜಿಗೆ ಒಂದೇ ಭಯ, ಮಗು ಎಲ್ಲಿದೆ ಅಂತ. ನಾನು ಕೂತು, ದೇವರು ತನ್ನ ಸಂಸ್ಕಾರಗಳಿಗೆ ತಾನೇ ಕಟ್ಟುಬಿದ್ದವನಲ್ಲ, ದೀಕ್ಷಾಸ್ನಾನವನ್ನು ತಾತ್ಸಾರ ಮಾಡುವುದು ಬೇರೆ, ಅದು ಸಿಗದೆ ಹೋಗುವುದು ಬೇರೆ ಅಂತ ಅರ್ಧ ಗಂಟೆ ವಿವರಿಸಿದೆ. ಅಜ್ಜಿ ತಲೆ ಆಡಿಸಿದರು. ಮುಂದಿನ ವಾರ ಮತ್ತೆ ಅದೇ ಪ್ರಶ್ನೆ ಕೇಳಿದರು.

ತಿರುವು ಬಂದದ್ದು ಒಂದು ಹಳೆಯ ಬರಹದಿಂದ. 1542ರಲ್ಲಿ, ನಮ್ಮ ಸಭೆಗಳಿಗೆ ಹೆಸರು ಬಂದ ಜರ್ಮನ್ ಸುಧಾರಕ ಮಾರ್ಟಿನ್ ಲೂಥರ್, ಗರ್ಭಪಾತವಾದ, ಹೆರಿಗೆಯಲ್ಲಿ ಮಗು ಕಳೆದುಕೊಂಡ ತಾಯಂದಿರಿಗಾಗಿಯೇ ಒಂದು ಚಿಕ್ಕ ಬರಹ ಬರೆದ. ಅವನ ಸ್ನೇಹಿತ, ವಿಟೆನ್‌ಬರ್ಗಿನ ಸಭಾಪಾಲಕ ಬುಗೆನ್‌ಹಾಗೆನ್ ಬರೆದ 29ನೇ ಕೀರ್ತನೆಯ ವ್ಯಾಖ್ಯಾನದ ಜೊತೆ ಅದು ಅಚ್ಚಾಯಿತು. ಕಾಲೇಜಿನಲ್ಲಿ ಅದರ ಹೆಸರು ಕೇಳಿದ್ದೆ, ಓದಿರಲಿಲ್ಲ. ಈಗ ಹುಡುಕಿ ಓದಿದೆ. ಅದರ ತಿರುಳು ಇಷ್ಟು: ಇಂಥ ತಾಯಂದಿರನ್ನು ಹೆದರಿಸಬೇಡಿ, ತಪ್ಪು ಹೊರಿಸಬೇಡಿ. ಮಗುವಿಗೆ ದೀಕ್ಷಾಸ್ನಾನ ಕೊಡಿಸಬೇಕು ಅಂತ ಅವಳ ಎದೆಯೊಳಗೆ ಇದ್ದ ಆಸೆ, ಬಾಯಿಗೆ ಬಾರದ ಅವಳ ನರಳಾಟ, ಅದೇ ದೇವರ ಮುಂದೆ ಪ್ರಾರ್ಥನೆ. ಆತ್ಮನು ಮಾತಿಲ್ಲದ ನರಳಾಟದಿಂದ ನಮಗಾಗಿ ಬೇಡುತ್ತಾನೆ ಅನ್ನುವ ರೋಮಾಪುರದವರಿಗೆ ಬರೆದ ಪತ್ರದ 8ನೇ ಅಧ್ಯಾಯದ ಮಾತನ್ನು ಹಿಡಿದುಕೊಂಡು ಅವನು ಬರೆಯುತ್ತಾನೆ. ಕೆಂಪು ಸಮುದ್ರದ ಮುಂದೆ ನಿಂತ ಮೋಶೆಯನ್ನೂ ನೆನೆಯುತ್ತಾನೆ. ಬರೆದವನು ನೋವು ಕಾಣದವನಲ್ಲ. 1528ರಲ್ಲಿ ಅವನ ಎಂಟು ತಿಂಗಳ ಮಗಳು ಎಲಿಜಬೆತ್ ಹೋಗಿದ್ದಳು. ಅದೇ 1542ರ ಸೆಪ್ಟೆಂಬರಿನಲ್ಲಿ ಇನ್ನೊಬ್ಬ ಮಗಳು, 13 ವರ್ಷದ ಮಗ್ದಲೇನಾಳನ್ನೂ ಕಳೆದುಕೊಂಡ.

ನಾನೂ ನನ್ನ ಹೆಂಡತಿಯೂ ಅವರ ಮನೆಗೆ ಹೋದೆವು. ಈ ಸಲ ನಾನು ಪಾಠ ಮಾಡಲಿಲ್ಲ. ಮಾತು ಶುರು ಮಾಡುವ ಮೊದಲು ಕೇಳಿದೆ, "ಆ ರಾತ್ರಿ ಆಸ್ಪತ್ರೆಗೆ ಹೋಗೋವಾಗ ಆಟೋದಲ್ಲಿ ಏನಂದ್ಕೊಂಡೆಯಮ್ಮಾ?" ಅವಳು ಹೇಳಿದಳು, ಏನೂ ಅಂದುಕೊಳ್ಳಲಿಲ್ಲ, ಪ್ರಾರ್ಥನೆ ಮಾಡಲೂ ಬರಲಿಲ್ಲ, ಬರೀ ನರಳುತ್ತಿದ್ದೆ, ಅದಕ್ಕೇ ಹೀಗಾಯಿತೇನೋ ಅಂತ. ಆ ನರಳಾಟವೇ ಪ್ರಾರ್ಥನೆ, ಅದನ್ನು ದೇವರು ಕೇಳಿದ್ದಾನೆ, ನಿನ್ನ ಮಗ ಆತನ ಕೈಯಲ್ಲಿದ್ದಾನೆ ಅಂತ ಹೇಳಿದೆ. ಇದು ನನ್ನ ಮಾತಲ್ಲ, ಲೂಥರ್ ನಿನ್ನಂಥ ತಾಯಂದಿರಿಗೆ ಬರೆದದ್ದು ಅಂತಲೂ ಹೇಳಿದೆ. ಅವಳು ಬಹಳ ಹೊತ್ತು ಅತ್ತಳು. ಅಜ್ಜಿಯೂ ಅತ್ತರು.

ಅತ್ತು ಮುಗಿದ ಮೇಲೆ ಅವಳು ಮುಖ ಒರೆಸಿಕೊಂಡು ತನ್ನ ಊರಿನ ಮಾತಿನಲ್ಲಿ ಕೇಳಿದಳು: "ಹಂಗಾದ್ರ ಅವನ ಹೆಸರು ಎಲ್ಲಿ ಬರದೀರಿ ಅಯ್ನೋರ?"

ಷರಾ ಕಾಲಂ

ಎಲ್ಲಿಯೂ ಬರೆದಿರಲಿಲ್ಲ. ಆಸ್ಪತ್ರೆ ಕೊಟ್ಟ ಕಾಗದದಲ್ಲಿ ತಾಯಿಯ ಹೆಸರಿತ್ತು, ತಂದೆಯ ಹೆಸರಿತ್ತು, ಮಗುವಿನ ಹೆಸರಿಗೆ ಜಾಗವೇ ಇರಲಿಲ್ಲ. ನಮ್ಮ ಸಭೆಯಲ್ಲಿ ನಾಲ್ಕು ದಫ್ತರ, ಅಂದರೆ ದಾಖಲೆ ಪುಸ್ತಕ, ಇದ್ದವು: ದೀಕ್ಷಾಸ್ನಾನ, ದೃಢೀಕರಣ (ಬೆಳೆದ ಮಕ್ಕಳು ತಮ್ಮ ನಂಬಿಕೆಯನ್ನು ತಾವೇ ಅರಿಕೆ ಮಾಡುವುದು), ಮದುವೆ, ಸಮಾಧಿ. ಪಾಸ್ಟರ್ ನಡೆಸಿದ ಸಮಾಧಿಗಳನ್ನು ಮಾತ್ರ ಸಮಾಧಿ ದಫ್ತರಕ್ಕೆ ಏರಿಸುವ ರೂಢಿ. ಗೋಡೆ ಪಕ್ಕದ ಮಕ್ಕಳು ಯಾವ ದಫ್ತರದಲ್ಲೂ ಇಲ್ಲ. ಅವರು ಹೆಸರಿಟ್ಟಿದ್ದರು. ಐದನೇ ತಿಂಗಳಲ್ಲೇ ಗಂಡಾದರೆ ಇದು, ಹೆಣ್ಣಾದರೆ ಅದು ಅಂತ ಆರಿಸಿಕೊಂಡಿದ್ದರು. ಆ ಹೆಸರು ಎರಡು ಜನರ ಬಾಯಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ.

ನಾನು ಸಭಾ ಸಮಿತಿಯ ಮುಂದೆ ಇಟ್ಟೆ, ಈ ಮಗುವಿನ ಹೆಸರನ್ನು ಸಮಾಧಿ ದಫ್ತರದಲ್ಲಿ ಬರೆಯೋಣ ಅಂತ. ಮೂರು ಮೀಟಿಂಗ್ ಹಿಡಿಯಿತು. ಒಬ್ಬ ಹಿರಿಯರು ಬಲವಾಗಿ ವಿರೋಧಿಸಿದರು. ಅವರ ಮಾತನ್ನು ಇಲ್ಲಿ ಸರಿಯಾಗಿ ದಾಖಲಿಸಬೇಕು, ಯಾಕೆಂದರೆ ಅವರು ಕಲ್ಲು ಮನಸ್ಸಿನವರಲ್ಲ. ಅವರ ಚಿಂತೆ ಇದು: ದೀಕ್ಷಾಸ್ನಾನ ಆದರೂ ಒಂದೇ ಆಗದಿದ್ದರೂ ಒಂದೇ ಅಂತ ಜನ ಅಂದುಕೊಂಡರೆ, ನಾಳೆ ಮಕ್ಕಳನ್ನು ಕರೆತರುವುದನ್ನೇ ಬಿಡುತ್ತಾರೆ. ಲೂಥರನ್ನರ ಮೂಲ ನಂಬಿಕೆಯ ಹೇಳಿಕೆಯಾದ ಆಗ್ಸ್‌ಬರ್ಗ್ ಅರಿಕೆಯಲ್ಲಿ ದೀಕ್ಷಾಸ್ನಾನದ ಬಗ್ಗೆ ಇರುವ 9ನೇ ವಿಧಿಯನ್ನು ಅವರು ಬಾಯಿಪಾಠ ಹೇಳಿದರು.

ನನ್ನ ಉತ್ತರ ಸರಳವಾಗಿತ್ತು. ನಾವು ಬರೆಯುತ್ತಿರುವುದು ದೀಕ್ಷಾಸ್ನಾನದ ದಫ್ತರದಲ್ಲಿ ಅಲ್ಲ. ಯಾರನ್ನು ನಮ್ಮ ಮಣ್ಣಲ್ಲಿ ಮಲಗಿಸಿದ್ದೇವೆ ಅನ್ನುವ ದಫ್ತರದಲ್ಲಿ. ಮಲಗಿಸಿರುವುದು ನಿಜ ತಾನೇ?

ಮೂರನೇ ಮೀಟಿಂಗಿನಲ್ಲಿ ಅದೇ ಹಿರಿಯರು ಎದ್ದು ನಿಂತು ಒಂದು ಮಾತು ಹೇಳಿದರು. "ಬರೆಯೋದಾದರೆ ಪೂರ್ತಿ ನಿಜ ಬರೀರಿ. ಹೆಸರು ಬರೀರಿ, ತಾರೀಖು ಬರೀರಿ, ಯಾರು ಹೊತ್ತುಕೊಂಡು ಹೋದರು ಬರೀರಿ. ಷರಾ ಕಾಲಂನಲ್ಲಿ ಸಭಾಪಾಲಕರು ಹಾಜರಿರಲಿಲ್ಲ ಅಂತಲೂ ಬರೀರಿ."

ಕೋಣೆ ನಿಶ್ಶಬ್ದವಾಯಿತು. ನನಗೆ ಎದೆಗೆ ಚುಚ್ಚಿತು. ಆದರೆ ಅವರು ಹೇಳಿದ್ದು ಸರಿ ಅಂತ ಆ ಕ್ಷಣವೇ ಗೊತ್ತಾಯಿತು. ಅವತ್ತೇ ದಫ್ತರ ತರಿಸಿ ನನ್ನ ಕೈಯಿಂದಲೇ ಬರೆದೆ. ಷರಾ: ಸಭಾಪಾಲಕರು ಹಾಜರಿರಲಿಲ್ಲ. ಕೆಳಗೆ ರುಜು ಹಾಕಿದೆ.

ಭಾನುವಾರ ಆರಾಧನೆ ಮುಗಿದ ಮೇಲೆ ಅವಳನ್ನು ಕರೆದು ತೋರಿಸಿದೆ. ಬೆರಳಿಟ್ಟು ಓದಿದಳು. ಹೆಸರಿನ ಮೇಲೆ ಬೆರಳು ನಿಂತಿತು. ಷರಾ ಓದಿ ನನ್ನ ಮುಖ ನೋಡಿದಳು, ಏನೂ ಹೇಳಲಿಲ್ಲ. ಮುಂದಿನ ಭಾನುವಾರದಿಂದ ಆರಾಧನೆಗೆ ಬರತೊಡಗಿದಳು.

ನವೆಂಬರ್ 2ರಂದು ನಮ್ಮ ಜನ ಸಮಾಧಿಗಳನ್ನು ತೊಳೆದು, ಸುಣ್ಣ ಬಳಿದು, ಹೂವಿಟ್ಟು, ಮೇಣದಬತ್ತಿ ಹಚ್ಚುತ್ತಾರೆ. ಆ ವರ್ಷ ಗೋಡೆ ಪಕ್ಕದ ಸಾಲಿನಲ್ಲೂ ಒಂದು ಚಿಕ್ಕ ಆರಾಧನೆ ಇಟ್ಟೆವು. ಸತ್ತವರಿಗಾಗಿ ಏನೋ ಮಾಡಿಕೊಡುವ ಆರಾಧನೆ ಅಲ್ಲ ಅದು. ಮಕ್ಕಳನ್ನು ದೇವರ ಕೈಗೆ ಒಪ್ಪಿಸುವ, ಬದುಕಿರುವವರನ್ನು ತಬ್ಬಿಕೊಳ್ಳುವ ಆರಾಧನೆ. ನಾವು ಎಣಿಸಿದ್ದು ಒಂದು ಕುಟುಂಬ. ಬಂದದ್ದು ಒಂಬತ್ತು. ಎಪ್ಪತ್ತು ದಾಟಿದ ಒಬ್ಬ ಅಮ್ಮ ಗೋಡೆಯುದ್ದಕ್ಕೂ ನಡೆದು, ಇಲ್ಲೇ ಎಲ್ಲೋ ಅಂತ ಒಂದು ಕಡೆ ಹೂವಿಟ್ಟರು.

ಅವಳು ಬಂದಳು. ಅಜ್ಜಿ ಬಂದರು. ಅವನು ಗೇಟಿನ ಹೊರಗೆ ಬೈಕಿನ ಹತ್ತಿರ ನಿಂತಿದ್ದ, ಒಳಗೆ ಬರಲಿಲ್ಲ. ಗಾಡಿ ನೋಡ್ಕೋತಿದಾನೆ ಅಂತ ಯಾರೋ ಅಂದರು. ನಾನೂ ನಂಬಿದೆ.

ಮಾರಿಕುಪ್ಪಂ ರೈಲು

ಕ್ರಿಸ್ಮಸ್ ಮುಗಿದ ಮೇಲೆ ಅಜ್ಜಿ ಒಂದು ದಿನ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. ಮಗ ರಾತ್ರಿ ಎರಡು ಗಂಟೆಗೆ ಎದ್ದು ಕೂರುತ್ತಾನೆ. ದೀಪ ಹಾಕುವುದಿಲ್ಲ. ಸುಮ್ನೆ ಕೂರುತ್ತಾನೆ. ಹನ್ನೊಂದು ತಿಂಗಳಿಂದ ಹೀಗೇ. ಆರಾಧನೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ರಾತ್ರಿಭೋಜನಕ್ಕೆ ಅವನು ಮುಂದೆ ಬರುತ್ತಿಲ್ಲ ಅನ್ನುವುದು ಆಗ ನನ್ನ ತಲೆಗೆ ಹೊಳೆಯಿತು. ಪ್ರತಿ ಸಲವೂ ಮೈಕ್ ಹತ್ತಿರ, ಫ್ಯಾನ್ ಹತ್ತಿರ ಏನೋ ಕೆಲಸ ಇಟ್ಟುಕೊಂಡಿರುತ್ತಿದ್ದ. ನಮ್ಮೆಲ್ಲರ ಕಣ್ಣು ತಾಯಿಯ ಮೇಲಿತ್ತು. ಅವನು ಚೆನ್ನಾಗಿಯೇ ಇದ್ದಾನೆ ಅಂತ ಅಂದುಕೊಂಡಿದ್ದೆವು, ಯಾಕೆಂದರೆ ಅವನು ಕೆಲಸ ಮಾಡುತ್ತಿದ್ದ.

ಮನೆಗೆ ಹೋಗಿ ಎದುರು ಕೂತು ಕೇಳಿದರೆ ಅವನು ಮಾತಾಡುವವನಲ್ಲ. ಇದನ್ನು ಯೋಚಿಸಿದ್ದು ನನ್ನ ಹೆಂಡತಿಯೇ. ಅವನು ತಿಂಗಳಿಗೊಮ್ಮೆ ಶನಿವಾರ ಕೆಜಿಎಫ್‌ನ ಹಳೆಯ ಮನೆ ನೋಡಿಕೊಂಡು ಬರಲು ಹೋಗುತ್ತಿದ್ದ. ನನಗೂ ಅಲ್ಲೊಬ್ಬರು ಕಾಯಿಲೆಯವರನ್ನು ನೋಡಬೇಕಿತ್ತು, ಜೊತೆಗೆ ಬರ್ತೀನಪ್ಪ ಅಂದೆ. ಕೆಜಿಎಫ್‌ಗೆ ಹೋಗುವ ಮಾರಿಕುಪ್ಪಂ ರೈಲು ಹತ್ತಿದೆವು. ಕಿಟಕಿ ಪಕ್ಕ ಅವನು, ಪಕ್ಕದಲ್ಲಿ ನಾನು. ಮುಖ ನೋಡಿಕೊಳ್ಳುವ ಕಷ್ಟ ಇಲ್ಲ. ಬಂಗಾರಪೇಟೆವರೆಗೆ ಇಬ್ಬರೂ ಗಣಿಯ ಬಗ್ಗೆ, ಅವನ ಅಪ್ಪನ ಬಗ್ಗೆ, ರೈಲಿನ ರಶ್ ಬಗ್ಗೆ ಮಾತಾಡಿದೆವು. ಬಂಗಾರಪೇಟೆಯಲ್ಲಿ ಅರ್ಧ ರೈಲು ಖಾಲಿಯಾಯಿತು. ಕೋರಮಂಡಲ್ ಸ್ಟೇಷನ್ ದಾಟಿ ಗಣಿಯ ತ್ಯಾಜ್ಯದ ಸೈನೈಡ್ ದಿಬ್ಬಗಳು ಕಾಣಿಸತೊಡಗಿದಾಗ ಅವನು ಹೊರಗೆ ನೋಡುತ್ತಲೇ ಹೇಳಿದ.

"ಅಯ್ಯಾ, ಪೆಟ್ಟಿಗೆ ತುಂಬಾ ಹಗುರ ಇತ್ತು."

ನಾನು ಸುಮ್ಮನಿದ್ದೆ.

"ಅಪ್ಪನ್ನ ಮಣ್ಣು ಮಾಡೋವಾಗ ನೀವಿದ್ರಿ, ಎಲ್ಲಾ ಹೇಳ್ಕೊಟ್ರಿ. ಇವನಿಗೆ ನಾನೂ ತಮ್ಮನೂ ಇಬ್ಬರೇ. ತಲೆ ಯಾವ ಕಡೆ ಇಡಬೇಕು ಅಂತ ನನಗೆ ಗೊತ್ತಿರಲಿಲ್ಲ ಅಯ್ಯಾ. ಪೆಟ್ಟಿಗೇಲಿ ಗುರುತಿರಲಿಲ್ಲ. ಕೇಳೋಕೆ ಯಾರೂ ಇರಲಿಲ್ಲ. ಉಲ್ಟಾ ಇಟ್ಟಿದೀನೇನೋ."

ನಮ್ಮಲ್ಲಿ ತಲೆ ಪಶ್ಚಿಮಕ್ಕೆ, ಕಾಲು ಪೂರ್ವಕ್ಕೆ ಇಟ್ಟು ಮಲಗಿಸುತ್ತಾರೆ. ಕರ್ತನು ಬರುವಾಗ ಎದ್ದರೆ ಮುಖ ಮೂಡಣಕ್ಕೆ ಇರಲಿ ಅಂತ. ಹನ್ನೊಂದು ತಿಂಗಳು ರಾತ್ರಿ ಎರಡು ಗಂಟೆಗೆ ಎದ್ದು ಅವನು ಯೋಚಿಸುತ್ತಿದ್ದದ್ದು ಇದನ್ನೇ.

ದಿಕ್ಕಿನಿಂದ ಏನೂ ಆಗುವುದಿಲ್ಲಪ್ಪ, ಸಮುದ್ರದಲ್ಲಿ ಸತ್ತವರನ್ನೂ ದೇವರು ಎಬ್ಬಿಸುತ್ತಾನೆ ಅನ್ನುವ ಉತ್ತರ ನನ್ನ ನಾಲಿಗೆ ತುದಿಯಲ್ಲಿತ್ತು. ಸರಿಯಾದ ಉತ್ತರವೇ. ಆ ರಾತ್ರಿ ಫೋನಿನಲ್ಲಿ ಕೊಟ್ಟದ್ದೂ ಸರಿಯಾದ ಉತ್ತರವೇ. ನುಂಗಿಕೊಂಡೆ.

"ಆ ಪ್ರಶ್ನೆಗೆ ಉತ್ತರ ಹೇಳೋಕೆ ನಾನು ಅಲ್ಲಿ ಇರಬೇಕಿತ್ತು" ಅಂದೆ. "ನಿಮ್ಮಮ್ಮ ರಾತ್ರಿನೇ ಕರೆದಿದ್ರು. ನಾನು ಬರಲಿಲ್ಲ. ತಪ್ಪಾಯ್ತಪ್ಪ. ಕ್ಷಮಿಸು."

ಪಾಪದ ಅರಿಕೆ ಕೇಳಿ ಕ್ಷಮೆ ಸಾರುವುದು ಪಾಸ್ಟರನ ಕೆಲಸ ಅಂತ ನಾವು ಅಂದುಕೊಂಡಿರುತ್ತೇವೆ. 1537ರ ಷ್ಮಾಲ್ಕಾಲ್ಡ್ ವಿಧಿಗಳು ಅನ್ನುವ ಬೋಧನೆಯ ಹೇಳಿಕೆಯಲ್ಲಿ ಲೂಥರ್, ಸುವಾರ್ತೆ ನಮಗೆ ಸಿಗುವ ದಾರಿಗಳನ್ನು ಹೇಳುವಾಗ ಪ್ರಸಂಗ, ದೀಕ್ಷಾಸ್ನಾನ, ರಾತ್ರಿಭೋಜನ, ಪಾಪಕ್ಷಮೆಯ ಜೊತೆಗೆ ಸಹೋದರರು ಒಬ್ಬರಿಗೊಬ್ಬರು ಮಾತಾಡಿ ಸಂತೈಸುವುದನ್ನೂ ಸೇರಿಸುತ್ತಾನೆ. ಅದನ್ನು ನಾನು ಎಷ್ಟೋ ಸಲ ಕಲಿಸಿದ್ದೆ. ಆ ದಿನ ರೈಲಿನಲ್ಲಿ ಅದು ನನಗೆ ಬೇಕಾಗಿತ್ತು, ಅವನಿಗಿಂತ ಜಾಸ್ತಿ.

ಅವನು ಏನೂ ಹೇಳಲಿಲ್ಲ. ಊರ್ಗಾಂ ಬಂತು, ಹೋಯಿತು. ಚಾಂಪಿಯನ್‌ನಲ್ಲಿ ಇಳಿಯುವಾಗ ನನ್ನ ಬ್ಯಾಗನ್ನು ಅವನೇ ತೆಗೆದುಕೊಂಡ. ಪ್ಲಾಟ್‌ಫಾರಂನಲ್ಲಿ ನಡೆಯುತ್ತಾ, "ಪರವಾಗಿಲ್ಲ ಬಿಡಿ ಅಯ್ಯಾ" ಅಂದ. ಎರಡು ಹೆಜ್ಜೆ ಆದ ಮೇಲೆ ಅಂದ, "ನೀವು ಬರ್ತೀರಾ ಅಲ್ಲಿಗೆ? ನನ್ ಜೊತೆ?"

ಮೊದಲ ವರ್ಷದ ದಿನ ಬೆಳಗಿನ ಜಾವ, ಅವನು ಅಂದು ಹೋದ ಅದೇ ಹೊತ್ತಿಗೆ, ಮೂವರು ಹೋದೆವು. ಅವನು, ಅವನ ತಮ್ಮ, ನಾನು. ಗುಂಡಿ ತೋಡಿದವರನ್ನು ಕೇಳಿದೆವು. ಸಾಲು ಸರಿಯಾಗಿದೆ, ಪೂರ್ವ ಪಶ್ಚಿಮಕ್ಕೇ ತೋಡಿದ್ದೆ, ಪೆಟ್ಟಿಗೆಯೊಳಗಿನದು ನನಗೆ ಗೊತ್ತಿಲ್ಲ ಅಂದರು. ಹಾಗಾಗಿ ಅವನ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ನಾನು ಸಮಾಧಿ ಆರಾಧನೆಯನ್ನು ಮೊದಲಿನಿಂದ ಕೊನೆಯವರೆಗೆ ನಡೆಸಿದೆ, ಮಣ್ಣಿಗೆ ಮಣ್ಣು ಅನ್ನುವ ಭಾಗವನ್ನೂ ಬಿಡದೆ. ಮೂರು ಹಿಡಿ ಮಣ್ಣು ಅವನು ಹಾಕಿದ. ಪುಟ್ಟ ಕಲ್ಲೊಂದನ್ನು ತಂದಿದ್ದ, ಹೆಸರು ಕೆತ್ತಿಸಿ. ಅದನ್ನು ಪಶ್ಚಿಮದ ತುದಿಗೆ ನೆಟ್ಟ. "ಇದೇ ತಲೆ" ಅಂದ.

ಮುಂದಿನ ಭಾನುವಾರ ರಾತ್ರಿಭೋಜನಕ್ಕೆ ಬಂದು ಮೊಣಕಾಲೂರಿದ. ನಿದ್ದೆ ಪೂರ್ತಿ ಸರಿಯಾಗಲು ಇನ್ನೂ ಬಹಳ ತಿಂಗಳು ಬೇಕಾಯಿತು. ಒಬ್ಬ ಮನೋವೈದ್ಯರ ಹತ್ತಿರವೂ ಕಳಿಸಿದೆವು, ಅವನು ಹೋದ. ನಮ್ಮ ಮಾತೊಂದೇ ಸಾಕಾಯಿತು ಅಂತ ಬರೆದರೆ ಸುಳ್ಳಾಗುತ್ತದೆ.

ಎರಡನೇ ಮಗು

ಇನ್ನೂ ಒಂದೂವರೆ ವರ್ಷಕ್ಕೆ ಅವಳು ಮತ್ತೆ ಗರ್ಭಿಣಿಯಾದಳು. ಸಂತೋಷಕ್ಕಿಂತ ಭಯವೇ ಜಾಸ್ತಿ. ಹುಟ್ಟಿದ ತಕ್ಷಣ, ಹೆರಿಗೆ ಕೋಣೆಯಲ್ಲೇ ದೀಕ್ಷಾಸ್ನಾನ ಆಗಬೇಕು ಅಂತ ಅಜ್ಜಿಯೂ ಅವಳೂ ಹಟ ಹಿಡಿದರು. ಬೇಡ ಅಂತ ನಾನು ಹೇಳಲಿಲ್ಲ, ಆಗಲಿ ಅಂತಲೂ ಹೇಳಲಿಲ್ಲ. ಅವರ ಮನೆಯಲ್ಲಿ ಮೂವರನ್ನೂ ಕೂರಿಸಿ ತುರ್ತು ದೀಕ್ಷಾಸ್ನಾನ ಕೊಡುವುದನ್ನು ಕಲಿಸಿದೆ. ಒಂದು ಲೋಟ ನೀರು. ಮಗುವಿನ ಹೆಸರು ಹೇಳಿ, ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ನಿನಗೆ ದೀಕ್ಷಾಸ್ನಾನ ಕೊಡುತ್ತೇನೆ ಅನ್ನುತ್ತಾ ತಲೆಯ ಮೇಲೆ ಮೂರು ಸಲ ನೀರು ಹಾಕುವುದು. ಅಷ್ಟೇ. ದೃಢೀಕರಣದ ತರಗತಿಯಲ್ಲಿ ಇದನ್ನು ಎಲ್ಲರಿಗೂ ಹೇಳಿರುತ್ತೇವೆ, 14 ವಯಸ್ಸಿನ ಮಕ್ಕಳು ಕೇಳಿ ಮರೆತಿರುತ್ತಾರೆ. ಅಪಾಯ ಕಂಡರೆ ಯಾರಿಗೂ ಕಾಯಬೇಡಿ, ನನಗೂ ಕಾಯಬೇಡಿ, ನೀವೇ ಕೊಡಿ, ಅದು ಪೂರ್ತಿ ದೀಕ್ಷಾಸ್ನಾನವೇ ಅಂತ ಹೇಳಿದೆ. ಅಪಾಯ ಇಲ್ಲದಿದ್ದರೆ ಎಲ್ಲರ ಮುಂದೆ ದೇವಾಲಯದಲ್ಲಿ ಮಾಡೋಣ. ಅವನು ಆ ಮಾತುಗಳನ್ನು ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿ ಇಟ್ಟುಕೊಂಡ. ಕೈಯಲ್ಲಿ ಮಾಡಲು ಒಂದು ಕೆಲಸ ಇದೆ ಅಂತಾದ ಮೇಲೆ ಮನೆಯ ಭಯ ಒಂದು ಹದಕ್ಕೆ ಬಂತು.

ಹೆರಿಗೆಯ ರಾತ್ರಿ ನಾನು ಆಸ್ಪತ್ರೆಯ ಬೆಂಚಿನ ಮೇಲಿದ್ದೆ. ಹೆಣ್ಣು ಮಗು ಹುಟ್ಟಿತು, ಜೋರಾಗಿ ಅತ್ತಿತು. ಚೀಟಿ ಪರ್ಸಿನಲ್ಲೇ ಉಳಿಯಿತು. ಆರನೇ ವಾರ ದೇವಾಲಯದಲ್ಲಿ ದೀಕ್ಷಾಸ್ನಾನ. ಮಗುವನ್ನು ಎತ್ತಿಕೊಂಡು ಬಂದವನು ಅವನೇ. ಪ್ರಾರ್ಥನೆಯಲ್ಲಿ ಅಣ್ಣನ ಹೆಸರನ್ನೂ ಹೇಳಬೇಕು ಅಂತ ಕೇಳಿಕೊಂಡಿದ್ದರು. ಹೇಳಿದೆ.

ಅಜ್ಜಿ ಮೊಮ್ಮಗಳ ಮೂರನೇ ಹುಟ್ಟುಹಬ್ಬ ನೋಡಿ ತೀರಿಕೊಂಡರು. ಕೊನೆಯ ವಾರ ನಾನು ದಿನಾ ಹೋಗುತ್ತಿದ್ದೆ. ಒಂದು ದಿನ ನನ್ನ ಕೈ ಹಿಡಿದು, "ಎಲ್ಲಾ ಮಾಡಿದ್ರಿ ಅಯ್ಯಾ. ಆದರೆ ಆ ರಾತ್ರಿ ನೀವು ಬರಬೇಕಿತ್ತು" ಅಂದರು. ಹೌದಮ್ಮಾ, ಬರಬೇಕಿತ್ತು ಅಂದೆ. ಅವರಿಗೆ ಆ ನೋವು ಹೋಗಲಿಲ್ಲ. ಹೋಯಿತು ಅಂತ ನಾನು ಹೇಳಲಾರೆ.

ನಾವು ಬದಲಿಸಿದ್ದು

ರಾತ್ರಿ ಬಂದ ಕರೆಗೆ ಫೋನಿನಲ್ಲೇ ಉತ್ತರ ಕೊಡುವುದಿಲ್ಲ, ಹೊರಟೆ ಅನ್ನುವುದೊಂದೇ ಉತ್ತರ. ಪಾಸ್ಟರ್ ಊರಲ್ಲಿ ಇಲ್ಲದಿದ್ದರೆ ಹೋಗಲು ಇಬ್ಬರು ಹಿರಿಯರ ಹೆಸರು ಗೊತ್ತುಮಾಡಿದ್ದೇವೆ. ಗೋಡೆ ಪಕ್ಕದ ಜಾಗ ಅನ್ನುವುದು ಈಗ ಇಲ್ಲ, ಮಕ್ಕಳೂ ಎಲ್ಲರ ಸಾಲಿನಲ್ಲೇ ಮಲಗುತ್ತಾರೆ. ಹುಟ್ಟುವ ಮೊದಲೇ ಹೋದ ಮಗುವಿಗೂ ಗಂಟೆ ಬಾರಿಸುತ್ತೇವೆ. ಭೇಟಿಗೆ ಗಂಡಸರೂ ಹೆಂಗಸರೂ ಸೇರಿಯೇ ಹೋಗುತ್ತಾರೆ, ಒಬ್ಬರು ತಂದೆಯ ಜೊತೆ ಹೊರಗೆ ಒಂದು ಸುತ್ತು ನಡೆದು ಬರುವುದು ಕಡ್ಡಾಯ. ಸ್ತ್ರೀಯರ ಸಂಘದವರು ತಾವೇ ಕೂತು, ಏನು ಹೇಳಬಾರದು ಅಂತ ಮಾತಾಡಿಕೊಂಡರು. ಇನ್ನೊಂದಾಗುತ್ತೆ ಅನ್ನುವ ಮಾತು ಮೊದಲು ಬಿತ್ತು. ಸತ್ತ ದಿನ ಮಾತ್ರ ಅಲ್ಲ, ಹೆರಿಗೆಗೆ ಡಾಕ್ಟರ್ ಕೊಟ್ಟಿದ್ದ ದಿನವನ್ನೂ ಡೈರಿಯಲ್ಲಿ ಬರೆದುಕೊಳ್ಳುತ್ತೇವೆ. ಆ ದಿನ ಮನೆಯಲ್ಲಿ ಎಷ್ಟು ಭಾರವಾಗಿರುತ್ತದೆ ಅಂತ ಹೊರಗಿನವರಿಗೆ ಹೊಳೆಯುವುದೇ ಇಲ್ಲ.

ಇನ್ನೂ ಸರಿಯಾಗದ್ದೂ ಇದೆ. ಮೂರನೇ, ನಾಲ್ಕನೇ ತಿಂಗಳಲ್ಲಿ ಗರ್ಭ ಹೋದ ಮನೆಗಳು ನಮಗೆ ಹೇಳುವುದೇ ಇಲ್ಲ. ಹೇಳದಿದ್ದರೆ ಹೇಗೆ ಹೋಗುವುದು, ಹೇಳಿ ಅಂತ ಹೇಗೆ ಕೇಳುವುದು ಅನ್ನುವುದಕ್ಕೆ ನಾನಿದ್ದ ತನಕ ದಾರಿ ಸಿಗಲಿಲ್ಲ.

ನಾನು ನಿವೃತ್ತನಾಗುವ ಹೊತ್ತಿಗೆ ಆ ದಫ್ತರದಲ್ಲಿ ಅಂಥ ಇನ್ನೂ ಮೂರು ಹೆಸರು ಸೇರಿದ್ದವು. ಕೊನೆಯದನ್ನು ಬರೆದ ದಿನ ನನಗೆ ನೆನಪಿದೆ. ತಂದೆ ಚಿಕ್ಕ ಹುಡುಗ, ಇಪ್ಪತ್ತೈದು ಇರಬೇಕು, ಪೆಟ್ಟಿಗೆ ಹಿಡಿದುಕೊಂಡು ಗುಂಡಿಯ ಹತ್ತಿರ ನಿಂತಿದ್ದ. ನಾನು ಪುಸ್ತಕ ತೆರೆಯುವಷ್ಟರಲ್ಲಿ ಹಿಂದಿನಿಂದ ಒಬ್ಬರು ಬಂದು ಅವನ ಪಕ್ಕ ಮಂಡಿಯೂರಿ ಕೂತರು. ಪೆಟ್ಟಿಗೆಯ ಒಂದು ತುದಿಗೆ ಸೀಮೆಸುಣ್ಣದಲ್ಲಿ ಮೊದಲೇ ಗುರುತು ಹಾಕಿಸಿದ್ದರು. ಆ ತುದಿಯನ್ನು ಹುಡುಗನ ಕೈಗೆ ತಾಗಿಸಿ ಮೆಲ್ಲಗೆ ಹೇಳಿದರು, "ತಲೆ ಈ ಕಡೆ ಇಡಪ್ಪ."

ಷರಾ ಕಾಲಂನಲ್ಲಿ ಅವರ ಹೆಸರನ್ನೂ ಬರೆದೆ.